ಬರೆದವರ ಬಾಕಿ: ವಾರ್ತಾ ಇಲಾಖೆಯ ಆಯುಕ್ತರಿಗೆ ನೂಲ್ಪುಳದಿಂದ ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು,
ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ಕರ್ನಾಟಕ ಸರ್ಕಾರದ ಜಾಹೀರಾತು ಪಡೆಯುವ ಪ್ರತಿಯೊಂದು ಪತ್ರಿಕೆಯೂ ತನ್ನ ಸಿಬ್ಬಂದಿಯಲ್ಲದ ಬರಹಗಾರರಿಗೆ ಎಷ್ಟು ಸಂಭಾವನೆ ಕೊಡುತ್ತದೆ, ಎಷ್ಟು ದಿನದೊಳಗೆ ಕೊಡುತ್ತದೆ ಎಂಬುದನ್ನು ಬಹಿರಂಗವಾಗಿ ಹೇಳಬೇಕು, ಹೇಳಿದಂತೆ ಕೊಡಬೇಕು. ಈ ಒಂದು ಷರತ್ತನ್ನು ತಮ್ಮ ಜಾಹೀರಾತು ನೀತಿಗೆ ಸೇರಿಸಿ ಎಂದು ಕೇಳಲು ಈ ಪತ್ರ. ಕೇಳುತ್ತಿರುವವನು ತಮ್ಮ ರಾಜ್ಯದವನಲ್ಲ. ಕೇರಳದ ವಯನಾಡು ಜಿಲ್ಲೆ, ಸುಲ್ತಾನ್ ಬತ್ತೇರಿ ತಾಲ್ಲೂಕು, ನೂಲ್ಪುಳ ಪಂಚಾಯಿತಿಯ ಮತದಾರ. ಆದರೆ ಮನೆಮಾತು ಕನ್ನಡ, ಹೊಟ್ಟೆಪಾಡೂ ಕನ್ನಡವೇ. ಕನ್ನಡ ಪತ್ರಿಕೆಗಳಿಗೆ ಲೇಖನ ಬರೆಯುವುದು, ಮಲಯಾಳದಿಂದ ಕನ್ನಡಕ್ಕೆ, ಕನ್ನಡದಿಂದ ಮಲಯಾಳಕ್ಕೆ ಅನುವಾದ ಮಾಡುವುದು, ಕರೆದರೆ ದುಭಾಷಿಯಾಗಿ ಹೋಗುವುದು, ಇವೇ ನನ್ನ ಕೆಲಸ. ಸಂಬಳ ಎಂಬುದು ಯಾವ ತಿಂಗಳೂ ಬರುವುದಿಲ್ಲ.

ನೂಲ್ಪುಳ ತಮಗೆ ಹೆಸರಿನಿಂದ ಗೊತ್ತಿಲ್ಲದಿರಬಹುದು, ದಾರಿಯಿಂದ ಗೊತ್ತಿರುತ್ತದೆ. ಗುಂಡ್ಲುಪೇಟೆಯಿಂದ ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಬಂದರೆ ಮದ್ದೂರು ಗೇಟು, ಬಂಡೀಪುರದ ಕಾಡು, ಮೂಲೆಹೊಳೆ ಚೆಕ್‌ಪೋಸ್ಟ್. ಅಲ್ಲಿಂದ ಈಚೆಗೆ ಪೊನ್ಕುಳಿ, ಮುತ್ತಂಗ, ಕಲ್ಲೂರು, ನಾಯ್ಕಟ್ಟಿ. ಒಂದು ಮಗ್ಗುಲಿಗೆ ಕರ್ನಾಟಕ, ಇನ್ನೊಂದು ಮಗ್ಗುಲಿಗೆ ತಮಿಳುನಾಡು. ಕನ್ನಡ ಪತ್ರಿಕೆಗಳಿಗೆ ಈ ಊರಿನ ನೆನಪಾಗುವುದು ಆನೆ ಯಾರನ್ನಾದರೂ ತುಳಿದಾಗ, 2009ರಿಂದ ಇರುವ ರಾತ್ರಿ ಸಂಚಾರ ನಿಷೇಧದ ಗಲಾಟೆ ಮತ್ತೆ ಎದ್ದಾಗ, ಇಲ್ಲವೇ ಓಣಂ ಹತ್ತಿರ ಬಂದು ನಮ್ಮ ಕಡೆಯವರು ಗುಂಡ್ಲುಪೇಟೆಯ ಚೆಂಡುಹೂವಿನ ಹೊಲದಲ್ಲಿ ಫೋಟೊಕ್ಕೆ ನಿಂತಾಗ. ಮಿಕ್ಕ ದಿನಗಳಲ್ಲಿ ಇಲ್ಲಿ ಏನು ನಡೆಯುತ್ತದೆ ಎಂದು ಕೇಳುವ ಡೆಸ್ಕ್ ಇಲ್ಲ. ಕೇಳದಿದ್ದರೂ ಬರೆಯುವವರು ನಾವು ಕೆಲವರಿದ್ದೇವೆ.

ಬರೆಯುವುದೆಂದರೆ ಇಲ್ಲಿ ಏನು ಎಂಬುದನ್ನು ಒಂದೇ ಲೇಖನದ ಮೂಲಕ ಹೇಳುತ್ತೇನೆ. ವಯನಾಡು ವನ್ಯಧಾಮದ ಒಳಗಿನ ಹಳ್ಳಿಗಳ ಜನರನ್ನು ಕಾಡಿನಿಂದ ಆಚೆ ತರುವ ಸ್ವಯಂಪ್ರೇರಿತ ಪುನರ್ವಸತಿ ಯೋಜನೆಯೊಂದು ಬಂತು, ಆರಂಭದಲ್ಲಿ ಅರ್ಹ ಕುಟುಂಬಕ್ಕೆ 10 ಲಕ್ಷ ರೂಪಾಯಿಯಂತೆ. ನಮ್ಮ ಪಂಚಾಯಿತಿಯ ಚೆಟ್ಟಿಯಾಲತ್ತೂರು ಅಂಥದೊಂದು ಊರು. ಹೊರಬಂದವರಲ್ಲಿ ಗದ್ದೆ ಇದ್ದ ಚೆಟ್ಟಿಗಳ ಕಥೆ ಬೇರೆ, ಗದ್ದೆಯಲ್ಲಿ ದುಡಿಯುತ್ತಿದ್ದ ಆದಿವಾಸಿಗಳ ಕಥೆ ಬೇರೆ. ಇದನ್ನು ಬರೆಯಬೇಕೆಂದು ಹೊರಟೆ. ಹಾಡಿಯ ಜನ ಹಗಲಿಡೀ ಕೂಲಿಗೆ ಹೋಗಿರುತ್ತಾರೆ. ಹಗಲಲ್ಲಿ ಹೋದರೆ ಸಿಗುವವರು ಮುದುಕರು, ಮಕ್ಕಳು ಮತ್ತು ನಾಯಿಗಳು. ಮಾತಾಡಬೇಕಾದವರು ಸಂಜೆ ಮನೆಗೆ ಬರುತ್ತಾರೆ. ಸಂಜೆಗೇ ಆನೆಯೂ ಕಾಡಿನಿಂದ ಇಳಿಯುತ್ತದೆ. 2025ರ ಫೆಬ್ರವರಿಯಲ್ಲಿ ಇದೇ ಪಂಚಾಯಿತಿಯಲ್ಲಿ ಅಂಗಡಿ ಸಾಮಾನು ಹಿಡಿದು ಮನೆಗೆ ಹೊರಟಿದ್ದವರೊಬ್ಬರು ಆನೆಗೆ ಸಿಕ್ಕಿ ಸತ್ತರು. ಹಾಗಾಗಿ ಸಂದರ್ಶನ ಎಂದರೆ ಬೆಳಿಗ್ಗೆ ಅವರು ಜೀಪು ಹತ್ತುವ ಮುಂಚಿನ ಹತ್ತು ನಿಮಿಷ, ಭಾನುವಾರ ಮಳೆ ಇಲ್ಲದಿದ್ದರೆ ಒಂದು ಗಂಟೆ. ಇಲ್ಲಿನ ಆದಿವಾಸಿಗಳಾದ ಕಾಟ್ಟುನಾಯ್ಕರ ಮಾತಿಗೂ ಕನ್ನಡಕ್ಕೂ ಹತ್ತಿರದ ನಂಟಿರುವುದು ನನ್ನ ಪಾಲಿನ ಪುಣ್ಯ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಒಬ್ಬ ಅಜ್ಜಿ ತಮ್ಮ ಭಾಷೆಯಲ್ಲಿ ಉತ್ತರ ಕೊಟ್ಟರು. ಮುಕ್ಕಾಲು ಪಾಲು ನೇರವಾಗಿ ತಿಳಿಯಿತು. ಉಳಿದ ಕಾಲು ಪಾಲಿಗೆ ಅವರ ಮೊಮ್ಮಗಳು ಸ್ಕೂಲಿನಿಂದ ಬರುವವರೆಗೆ ಕಾದೆ.

ಅರಣ್ಯ ಇಲಾಖೆಯ ಕಚೇರಿ, ಪಂಚಾಯಿತಿ, ಟ್ರೈಬಲ್ ಆಫೀಸು ಎಲ್ಲ ಸುತ್ತಿ, ಬಸ್ ಚಾರ್ಜು ಜೇಬಿನಿಂದ ಹಾಕಿ, ಲೇಖನ ಮುಗಿಸಿ ಒಂದು ಪತ್ರಿಕೆಯ ಪುರವಣಿಗೆ ಕಳಿಸಿದೆ. ಪತ್ರಿಕೆಯ ಹೆಸರು ಬೇಡ. ಯೂನಿಕೋಡ್‌ನಲ್ಲಿ ಕಳಿಸಿದ್ದನ್ನು 'ನುಡಿ ಫಾಂಟಿನಲ್ಲಿ ಕಳಿಸಿ' ಎಂದರು. ಪರಿವರ್ತಿಸಿದಾಗ ಅರ್ಕಾವತ್ತುಗಳು ಹಾರಿ ಪಕ್ಕದ ಅಕ್ಷರದ ಮೇಲೆ ಕೂತವು, ಅಂಕಿಗಳು ಕೆಟ್ಟವು. ರಾತ್ರಿ ಕರೆಂಟು ಹೋಗಿ ಬಂದು ಮಾಡುವ ನಡುವೆ ಒಂದೊಂದೇ ತಿದ್ದಿ ಮತ್ತೆ ಕಳಿಸಿದೆ. 'ತಲುಪಿದೆ ಸಾರ್, ನೋಡ್ತೀವಿ' ಎಂಬ ಉತ್ತರ ಬಂತು. ಆಮೇಲೆ ಸದ್ದಿಲ್ಲ. ಹಾಕುತ್ತೇವೆ ಎಂದೂ ಹೇಳಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಹಾಕುವುದಿಲ್ಲ ಎಂದು ಹೇಳದ ಹೊರತು ಇನ್ನೊಬ್ಬರಿಗೆ ಕೊಡುವಂತಿಲ್ಲ. ಕೊಟ್ಟು ಎರಡೂ ಕಡೆ ಬಂದುಬಿಟ್ಟರೆ ಆ ಎರಡೂ ಬಾಗಿಲು ಮುಚ್ಚಿದವೆಂದೇ ಲೆಕ್ಕ. ಬಹಳ ಕಾಲದ ನಂತರ ಮೈಸೂರಿನ ಗೆಳೆಯರೊಬ್ಬರು ಇ-ಪೇಪರಿನ ಸ್ಕ್ರೀನ್‌ಶಾಟ್ ಕಳಿಸಿ 'ಚೆನ್ನಾಗಿ ಬಂದಿದೆ' ಎಂದರು. ಅರ್ಧ ಕತ್ತರಿಸಿದ್ದರು. ಅಜ್ಜಿ ಇರಲಿಲ್ಲ, ಆನೆಯ ದೊಡ್ಡ ಫೋಟೊ ಇತ್ತು.

ಕತ್ತರಿಸಿದ್ದಕ್ಕೆ ನನ್ನ ತಕರಾರಿಲ್ಲ. ಅದು ಸಂಪಾದಕರ ಹಕ್ಕು, ಎಷ್ಟೋ ಸಲ ಬರಹಕ್ಕೆ ಒಳ್ಳೆಯದೂ ಹೌದು. ನನ್ನ ಪ್ರಶ್ನೆ ಇರುವುದು ಆಮೇಲಿನದರ ಬಗ್ಗೆ. ಸಂಭಾವನೆ ಎಷ್ಟು ಎಂದು ಮೊದಲೇ ಹೇಳುವ ವಾಡಿಕೆ ಇಲ್ಲ. ಕೇಳುವುದು ಸಭ್ಯತೆಯಲ್ಲ ಎಂಬ ಭಾವನೆ ಎರಡೂ ಕಡೆ ಇದೆ. ಬಂದರೆ ಬಂತು. ಬರುವ ಮುಂಚೆ ಪ್ಯಾನ್ ಪ್ರತಿ, ಕ್ಯಾನ್ಸಲ್ ಮಾಡಿದ ಚೆಕ್ಕು, ಕಾವ್ಯನಾಮಕ್ಕೂ ಬ್ಯಾಂಕಿನ ಹೆಸರಿಗೂ ತಾಳೆಯಾಗದಿದ್ದರೆ ಒಂದು ವಿವರಣೆ ಪತ್ರ. ದೀಪಾವಳಿ ವಿಶೇಷಾಂಕಕ್ಕೆ ಆಷಾಢದ ಮಳೆಯಲ್ಲಿ ಕೂತು ಬರೆದು ಕೊಟ್ಟರೆ ದುಡ್ಡಿನ ಮುಖ ಕಾಣುವಾಗ ಯುಗಾದಿ ಕಳೆದಿರುವುದೂ ಉಂಟು. ಎಲ್ಲರೂ ಹೀಗಲ್ಲ, ಇದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಕೇಳದೆಯೇ ಖಾತೆಗೆ ಹಾಕಿ, ಯಾವ ಲೇಖನಕ್ಕೆ ಎಷ್ಟು ಎಂದು ಮೆಸೇಜು ಕಳಿಸುವ ಕಚೇರಿಗಳೂ ಇವೆ. ಆದರೆ ಯಾರು ಹಾಗೆ, ಯಾರು ಹೀಗೆ ಎಂಬುದು ಸುಟ್ಟುಕೊಂಡ ಮೇಲಷ್ಟೇ ಗೊತ್ತಾಗುವುದು.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಗುಡ್ಡ ಜಾರಿದಾಗ ನನ್ನ ಫೋನು ಬಿಸಿಯಾಗುವಷ್ಟು ಕರೆಗಳು. ವಯನಾಡಿನಲ್ಲಿ ಕನ್ನಡದಲ್ಲಿ ಮಾತಾಡುವವನೊಬ್ಬ ಬೇಕಿತ್ತು. ಕೆಲಸಕ್ಕೆಂದು, ಮದುವೆಯಾಗಿ ಬಂದು ನೆಲೆಸಿದ್ದ ಚಾಮರಾಜನಗರ, ಮಂಡ್ಯ ಕಡೆಯವರೂ ಆ ಮಣ್ಣಿನಲ್ಲಿ ಹೋಗಿದ್ದರು. ಮೇಪ್ಪಾಡಿಯ ಆಸ್ಪತ್ರೆಯಲ್ಲಿ ಹೆಸರುಗಳ ಪಟ್ಟಿ ಮಲಯಾಳದಲ್ಲಿತ್ತು. ತಮ್ಮವರನ್ನು ಹುಡುಕಿಕೊಂಡು ಬಂದವರಿಗೆ ಅದನ್ನು ಓದಿ ಹೇಳಬೇಕಿತ್ತು. ಅದಕ್ಕೆ ದುಡ್ಡು ಕೇಳುವ ಮಾತೇ ಬರುವುದಿಲ್ಲ, ಕೇಳಲೂ ಇಲ್ಲ. ಆದರೆ ಅದೇ ಹೊತ್ತಿಗೆ 'ಎರಡೇ ನಿಮಿಷ ಲೈವ್‌ಗೆ ಬನ್ನಿ' ಎಂದು ಬೆಳಿಗ್ಗೆಯಿಂದ ರಾತ್ರಿಯವರೆಗೆ ಕರೆದ ಚಾನೆಲ್ ಒಂದು ನಾನು ಕಳಿಸಿದ ವಿಡಿಯೊಗಳನ್ನು ತನ್ನ ಮುದ್ರೆ ಒತ್ತಿ ವಾರಗಟ್ಟಲೆ ಓಡಿಸಿತು. ಮುಂದೆ ಬಿಲ್ ಕಳಿಸಿದಾಗ ಆ ನಂಬರು ನನ್ನ ಕರೆ ಎತ್ತುವುದನ್ನು ನಿಲ್ಲಿಸಿತು.

ಹಾಗಾದರೆ ಬದುಕುವುದು ಹೇಗೆ ಎಂದು ತಾವು ಕೇಳಬಹುದು. ಶುಂಠಿ ಕಾಪಾಡುತ್ತದೆ. ವಯನಾಡಿನ ಬೆಳೆಗಾರರು ಗುಂಡ್ಲುಪೇಟೆ, ಹೆಗ್ಗಡದೇವನಕೋಟೆ ಕಡೆ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಹಾಕುತ್ತಾರೆ. ಕರಾರು ಕನ್ನಡದಲ್ಲಿ, ಸಹಿ ಹಾಕುವವರಿಗೆ ಗೊತ್ತಿರುವುದು ಮಲಯಾಳ. ಬೋರ್‌ವೆಲ್ ಯಾರದು, ಬೆಳೆ ಕಿತ್ತ ಮೇಲೆ ಹೊಲವನ್ನು ಯಾವ ಸ್ಥಿತಿಯಲ್ಲಿ ಬಿಟ್ಟುಕೊಡಬೇಕು ಎಂಬುದನ್ನು ಎರಡೂ ಕಡೆಗೆ ಬಿಡಿಸಿ ಹೇಳಿದರೆ ಅಲ್ಲೇ, ಚಹಾ ಮುಗಿಯುವುದರೊಳಗೆ, ನೋಟು ಎಣಿಸಿ ಕೊಡುತ್ತಾರೆ. ರಾತ್ರಿ 9ಕ್ಕೆ ಗೇಟು ಬೀಳುತ್ತದೆಂದು ಅವರೇ ಜೀಪಿನಲ್ಲಿ ಮೂಲೆಹೊಳೆ ದಾಟಿಸುತ್ತಾರೆ. ಸಾಹಿತ್ಯ ಗೊತ್ತಿಲ್ಲದ ಶುಂಠಿ ವ್ಯಾಪಾರಿಗೆ ಇರುವ ಈ ಲೆಕ್ಕಾಚಾರದ ನಿಯತ್ತು ಅಕ್ಷರದ ಉದ್ಯಮಕ್ಕೆ ಯಾಕೆ ಇಷ್ಟು ಭಾರ ಎಂದು ನನಗೆ ಎಷ್ಟೋ ಸಲ ಅನಿಸಿದೆ. ಏಜೆನ್ಸಿಗಳ ಅನುವಾದ ಕೆಲಸವಂತೂ ಈಚೆಗೆ ಸೊರಗಿದೆ. ಯಂತ್ರ ಮಾಡಿದ ಅನುವಾದವನ್ನು ಕಳಿಸಿ 'ಬರೀ ಪ್ರೂಫ್ ನೋಡಿ' ಎನ್ನುತ್ತಾರೆ. ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸಲೀಸು, ಆದರೆ ದರ ಮಾತ್ರ ಪ್ರೂಫ್‌ನದು.

ಕಾನೂನು ಇಲ್ಲವೇ? ಇದೆ. 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ನೋಡಿಕೊಂಡಿದ್ದು ಪತ್ರಿಕೆಯಲ್ಲಿ ಕೆಲಸಕ್ಕಿದ್ದವರನ್ನು. ಅರೆಕಾಲಿಕರೂ ಅದರಲ್ಲಿ ಸೇರುತ್ತಿದ್ದರು, ನಾವು ಸೇರುತ್ತಿರಲಿಲ್ಲ. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರಿಗೆಂದು ತಂದ ಕಾಯ್ದೆಯ ಅನುಸೂಚಿಯಲ್ಲಿ ಕಂಟೆಂಟ್ ಮತ್ತು ಮಾಧ್ಯಮ ಸೇವೆಗಳ ಹೆಸರು ಕಂಡು ಖುಷಿಪಟ್ಟೆ. ಓದಿದರೆ ಅದು ಆ್ಯಪ್ ಮೂಲಕ ಕೆಲಸ ಹಂಚುವ ಕಂಪನಿಗಳಿಗೆ; ಪುರವಣಿಯ ಸಂಪಾದಕರು ಆ್ಯಪ್ ಅಲ್ಲ. ನಿಜಕ್ಕೂ ಹಲ್ಲಿರುವುದು 2006ರ ಎಂಎಸ್‌ಎಂಇ ಕಾಯ್ದೆಗೆ. ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡ ಸಣ್ಣ ಸೇವಾದಾರನಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟಿನಂತೆ ತಿಂಗಳ ಲೆಕ್ಕದಲ್ಲಿ ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆ ಕಾನೂನೂ ಇದಕ್ಕೆ ಒತ್ತು ಕೊಟ್ಟಿದೆ: ಹಾಗೆ ಉಳಿಸಿಕೊಂಡ ಬಾಕಿಯನ್ನು ಕೊಡುವವರೆಗೆ ಖರ್ಚೆಂದು ತೋರಿಸುವಂತಿಲ್ಲ. ನಾನೂ ನೋಂದಾಯಿಸಿಕೊಂಡಿದ್ದೇನೆ. ಮಾಲೀಕ, ಗುಮಾಸ್ತ, ಜವಾನ ಎಲ್ಲ ಒಬ್ಬನೇ ಆಗಿರುವ ಉದ್ಯಮ. ಆದರೆ ಒಂದು ಲೇಖನದ ಜುಜುಬಿ ಬಾಕಿಗೆ ಪತ್ರಿಕೆಯ ಮೇಲೆ ಆ ಕಾಯ್ದೆಯಡಿಯ ಮಂಡಳಿಗೆ ದೂರು ಕೊಟ್ಟು, ಮುಂದಿನ ಲೇಖನವನ್ನು ಅದೇ ಪತ್ರಿಕೆಗೆ ಕಳಿಸುವ ಧೈರ್ಯ ಯಾರಿಗಿದೆ? ಕನ್ನಡದಲ್ಲಿ ಬರಹ ಕೊಂಡುಕೊಳ್ಳುವ ಬಾಗಿಲುಗಳನ್ನು ಬೆರಳಲ್ಲಿ ಎಣಿಸಬಹುದು.

ಆದ್ದರಿಂದಲೇ ತಮ್ಮ ಮೊರೆ ಹೋಗಿರುವುದು. ದೂರುದಾರ ಬೇಕಿಲ್ಲದ ದಾರಿ ತಮ್ಮ ಕೈಯಲ್ಲಿದೆ. ಸರ್ಕಾರಿ ಜಾಹೀರಾತಿಗಾಗಿ ಮಾಧ್ಯಮ ಪಟ್ಟಿಗೆ ಸೇರುವ ಪತ್ರಿಕೆಗಳು ತಮ್ಮ ಪ್ರಸಾರ ಸಂಖ್ಯೆಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ ಕೊಡುತ್ತವೆ. ಅದರ ಜೊತೆಗೆ ಇನ್ನೊಂದು ಹಾಳೆ ಇರಲಿ: ಈ ವರ್ಷ ಹೊರಗಿನವರ ಎಷ್ಟು ಬರಹ ಪ್ರಕಟಿಸಿದೆವು, ಸಂಭಾವನೆಯ ದರ ಇಷ್ಟು, ಒಟ್ಟು ಕೊಟ್ಟದ್ದು ಇಷ್ಟು, ಬಾಕಿ ಇಷ್ಟು. ಸಂಭಾವನೆ ಕೊಡುವ ಶಕ್ತಿ ಇಲ್ಲದ ಪತ್ರಿಕೆ 'ಕೊಡುವುದಿಲ್ಲ' ಎಂದು ಬರೆಯಲಿ, ಅದಕ್ಕೆ ಜಾಹೀರಾತು ತಪ್ಪಿಸಬೇಡಿ. ಕೊಡುವುದಿಲ್ಲ ಎಂದು ಗೊತ್ತಿದ್ದೂ ಆ ಪತ್ರಿಕೆಯ ಮೇಲಿನ ಪ್ರೀತಿಗೆ ನಾವು ಬರೆದೇವು. ಎಷ್ಟೋ ಸಣ್ಣ ಪತ್ರಿಕೆಗಳು ಹಾಗೆಯೇ ನಡೆದಿರುವುದು. ಕೊಡುತ್ತೇವೆ ಎಂಬ ಭ್ರಮೆ ಹುಟ್ಟಿಸಿ ಕೊಡದಿರುವುದಕ್ಕೆ ಮಾತ್ರ ತಡೆ ಬೇಕು. ಇಲಾಖೆಯದೇ 'ಜನಪದ' ಮಾಸಿಕ ಇದೆಯಲ್ಲ, ದರಪಟ್ಟಿಯನ್ನು ಮುಖಪುಟದ ಒಳಬದಿಯಲ್ಲಿ ಅಚ್ಚು ಹಾಕುವ ಪದ್ಧತಿ ಅಲ್ಲಿಂದಲೇ ಶುರುವಾಗಲಿ. ಒಪ್ಪಿಗೆಯೋ ತಿರಸ್ಕಾರವೋ ತಿಂಗಳೊಳಗೆ ತಿಳಿಸಬೇಕೆಂಬ ಒಂದು ಸಾಲೂ ಅದರಲ್ಲಿ ಸೇರಿದರೆ ಸಂಭಾವನೆಗಿಂತ ದೊಡ್ಡ ಉಪಕಾರ.

ಸಂಪಾದಕ ಮಿತ್ರರೊಬ್ಬರು ಇದನ್ನು ಓದಿ, ಜಾಹೀರಾತು ಕೊಟ್ಟವರೇ ನಮಗೆ ತಿಂಗಳುಗಟ್ಟಲೆ ಕೊಡುವುದಿಲ್ಲ, ನಾವು ನಿಮಗೆ ಎಲ್ಲಿಂದ ಕೊಡೋಣ ಎಂದರು. ನ್ಯಾಯವಾದ ಮಾತು. 45 ದಿನದ ಗಡುವು ಜಾಹೀರಾತು ಕೊಡುವವರಿಗೂ, ಸರ್ಕಾರದ ನಿಗಮ ಮಂಡಳಿಗಳೂ ಸೇರಿದಂತೆ, ಅನ್ವಯಿಸಲಿ. ಮೇಲಿನ ತೂಬು ಎತ್ತದೆ ಕೊನೆಯ ಗದ್ದೆಗೆ ನೀರು ಹರಿಯದು ಎಂಬುದು ನನಗೂ ಗೊತ್ತು.

ಪೆನ್ನಿನಿಂದಲೇ ಬದುಕುತ್ತೇವೆಂದು ಹೊರಟವರು ಕನ್ನಡಕ್ಕೆ ಹೊಸಬರಲ್ಲ. ಗಳಗನಾಥರು ತಮ್ಮ ಪುಸ್ತಕ ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅನಕೃ, ತರಾಸು, ನಿರಂಜನರು ಬರಹವನ್ನೇ ನೆಚ್ಚಿ ಸಂಸಾರ ನಡೆಸಿದರು. ಅವರ ಕಷ್ಟವನ್ನು ಸಭೆಗಳಲ್ಲಿ ತ್ಯಾಗವೆಂದು ಹೊಗಳುವುದನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಕಸಿವಿಸಿ. ಅವರಲ್ಲಿ ಯಾರೂ ತ್ಯಾಗ ಮಾಡುತ್ತೇವೆಂದು ಅರ್ಜಿ ಹಾಕಿರಲಿಲ್ಲ. ನಮ್ಮ ಕಲ್ಪೆಟ್ಟದ ಪದ್ಮಪ್ರಭಾ ಗೌಡರ್ ಅವರ ಮಗ ಎಂ.ಪಿ. ವೀರೇಂದ್ರಕುಮಾರ್, ಕನ್ನಡ ಬೇರಿನ ಜೈನ ಮನೆತನದವರು, ಮಲಯಾಳದ ದೊಡ್ಡ ಲೇಖಕರಾದರು, 'ಮಾತೃಭೂಮಿ'ಯನ್ನು ಮುನ್ನಡೆಸಿದರು. ವಯನಾಡಿನಲ್ಲಿ ಕೂತು ಬರೆಯಬಹುದೇ ಎಂದು ಯಾರಾದರೂ ಕೇಳಿದರೆ ಅವರ ಹೆಸರು ಹೇಳುತ್ತೇನೆ. ಕನ್ನಡದಲ್ಲಿ ಬರೆದೇ ಬದುಕಬಹುದೇ ಎಂದು ಕೇಳಿದರೆ ಮಾತು ಬದಲಿಸುತ್ತೇನೆ.

ಕೊನೆಯದಾಗಿ ಒಂದು ಸಣ್ಣ ವಿಷಯ. ಆದೇಶದ ಕರಡು ಸಿದ್ಧವಾಗುವಾಗ 'ಕರ್ನಾಟಕದ ನಿವಾಸಿಯಾಗಿರಬೇಕು' ಎಂಬ ಸಾಲು ಅಭ್ಯಾಸಬಲದಿಂದ ಒಳಗೆ ನುಸುಳದಂತೆ ನೋಡಿಕೊಳ್ಳಿ. ಆನ್‌ಲೈನ್ ಅರ್ಜಿಗಳಲ್ಲಿ ಜಿಲ್ಲೆ ಆರಿಸುವ ಕಾಲಂಗೆ ಬಂದಾಗಲೆಲ್ಲ ನಾವು ಅಲ್ಲೇ ನಿಲ್ಲುತ್ತೇವೆ, ಮುಂದಿನ ಪುಟ ತೆರೆಯುವುದಿಲ್ಲ. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ಮಡಕಶಿರಾ, ಆದೋನಿ, ಅಕ್ಕಲಕೋಟೆ, ಜತ್ತ, ಇಲ್ಲೆಲ್ಲ ಕನ್ನಡದಲ್ಲಿ ಬರೆಯುವವರಿದ್ದಾರೆ. ಅವರ ಬರಹ ಅಚ್ಚಾಗುವುದು ತಮ್ಮ ಜಾಹೀರಾತು ಇರುವ ಪುಟದಲ್ಲೇ. ಆ ಕಾಲಂನಲ್ಲಿ 'ಇತರೆ' ಎಂಬುದೊಂದು ಇದ್ದರೂ ಸಾಕು, ಊರಿನ ಹೆಸರನ್ನು ನಾವೇ ತುಂಬಿಕೊಳ್ಳುತ್ತೇವೆ.

ಇತಿ ತಮ್ಮ ವಿಶ್ವಾಸಿ,
ನೂಲ್ಪುಳದ ಒಬ್ಬ ಫ್ರೀಲಾನ್ಸ್ ಬರಹಗಾರ