ಸೀಟಿನ ಕವರ್ ಎತ್ತಿ ನೋಡಿದ್ದೇವೆಯೇ?



ಭಾನುವಾರ ಪೂಜೆ ಮುಗಿದ ಮೇಲೆ ನಮ್ಮ ದೇವಾಲಯದ ಅಂಗಳದಲ್ಲಿ ನಿಂತ ಗಾಡಿಗಳನ್ನು ಒಮ್ಮೆ ನೋಡಿ. ಬೈಕುಗಳನ್ನು ಬಿಟ್ಟರೆ ಹೆಚ್ಚಿನವು ಪಿಕಪ್‌ಗಳೇ. ನಮ್ಮ ಎಂಎಚ್ 10 ಇರಲಿ, ಗಡಿಯಾಚೆಯಿಂದ ಬಂದ ನೆಂಟರ ಕೆಎ 28 ಇರಲಿ, ಎಲ್ಲವೂ ಹತ್ತು ಹನ್ನೆರಡು ವರ್ಷ ದುಡಿದ ಗಾಡಿಗಳು. ಹೊರಗಿನಿಂದ ಒಂದಕ್ಕಿಂತ ಒಂದು ಚೆಂದ. ಗಾಜಿನ ಮೇಲೆ ಮಕ್ಕಳ ಹೆಸರು, ಬಂಪರಿಗೆ ಹೊಸ ಬಣ್ಣ, ಸಾಲುಸಾಲು ಎಲ್‌ಇಡಿ ದೀಪ. ಬಾಗಿಲು ತೆಗೆದರೆ ಮಾತ್ರ ಬೇರೆಯೇ ಲೋಕ. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಗಾಜು ಇಳಿಸಿ ಕೈ ಹೊರಗೆ ಹಾಕಬೇಕು. ಸೀಟಿನ ಸ್ಪ್ರಿಂಗು ತೊಡೆಗೆ ಚುಚ್ಚುತ್ತದೆ. ಬೆಲ್ಟು ಎಲ್ಲೋ ಸಂದಿಯಲ್ಲಿ ಹೂತುಹೋಗಿದೆ. ಕಾಲ ಕೆಳಗೆ ಮ್ಯಾಟು, ಮ್ಯಾಟಿನ ಕೆಳಗೆ ಗೋಣಿಚೀಲ, ಗೋಣಿಚೀಲದ ಕೆಳಗೆ ಏನಿದೆಯೋ ಮಾಲೀಕರಿಗೂ ಗೊತ್ತಿಲ್ಲ.

ನಮಗೂ ಗೊತ್ತಿರಲಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಯುವಬಳಗದ ಒಬ್ಬರ ಮನೆಯ ಹಳೆಯ ಪಿಕಪ್ಪಿಗೆ ಹೊಸ ಸೀಟ್ ಕವರ್ ಹಾಕಿಸೋಣ ಎಂದು ಹೊರಟೆವು. ಕವರಿನ ಬಣ್ಣದ ಬಗ್ಗೆ ಎರಡು ದಿನ ವಾಟ್ಸಾಪಿನಲ್ಲಿ ಜಗಳ. ಅಳತೆ ತೆಗೆದುಕೊಳ್ಳಲೆಂದು ಸೀಟು ಬಿಚ್ಚಿ ಕೆಳಗಿಟ್ಟಾಗ ಎಲ್ಲರ ಬಾಯಿ ಮುಚ್ಚಿತು. ಸೀಟಿನ ಹಿಂದೆ ಕೆಂಪು ತ್ರಿಕೋನದ ಗುರುತಿನ ಕೀಟನಾಶಕದ ಬಾಟಲಿ, ಅರ್ಧ ತುಂಬಿದ್ದು, ಮುಚ್ಚಳ ಸಡಿಲ. ನೆಲದ ತಗಡಿನ ಮೇಲೆ ನೀಲಿ ಹಸಿರು ಕಲೆ. ಕಲೆಯ ನಡುವೆ ಅಂಗೈ ಅಗಲದ ತೂತು, ಅದರಲ್ಲಿ ಅಂಗಳದ ಮಣ್ಣು ಕಾಣುತ್ತಿತ್ತು. ಪಕ್ಕದಲ್ಲೇ ಆ ಮನೆಯ ಮೂರನೆಯ ತರಗತಿಯ ಹುಡುಗಿಯ ಒಂದು ಪೆನ್ಸಿಲು ಬಿದ್ದಿತ್ತು. ಅವಳು ದಿನಾ ಶಾಲೆಗೆ ಹೋಗುತ್ತಿದ್ದುದು ಆ ಸೀಟಿನ ಮೇಲೆಯೇ.

ಅಂದಿನಿಂದ ನಮ್ಮ ಅಭಿಪ್ರಾಯ ಒಂದೇ. ಹಳೆಯ ಪಿಕಪ್ಪಿನ ಒಳಭಾಗ ಸರಿಮಾಡುವುದೆಂದರೆ ಕವರ್ ಹಾಕಿಸುವುದಲ್ಲ. ಮೊದಲು ಅಲ್ಲಿಂದ ವಿಷ ಹೊರಗೆ ಹೋಗಬೇಕು, ಆಮೇಲೆ ನೆಲ, ಸೀಟು, ಬೆಲ್ಟು, ಬಾಗಿಲು. ಚೆಂದದ ಮಾತು ಕೊನೆಗೆ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತಿದ್ದೇವೆ.

ನಮ್ಮ ಜತ್ತ ತಾಲೂಕಿನಲ್ಲಿ ಈ ಮಾತು ಇನ್ನೂ ಮುಖ್ಯ. ಮಳೆ ಕಡಿಮೆಯ ಸೀಮೆಯಾದರೂ ಬೋರಿನ ನೀರು, ಟ್ಯಾಂಕರ್ ನೀರು, ಈಗ ಕೆಲವು ಕಡೆ ಮ್ಹೈಸಾಳ ಏತ ನೀರಾವರಿಯ ನೀರು ನಂಬಿ ನಾವು ದ್ರಾಕ್ಷಿ, ದಾಳಿಂಬೆ ಬೆಳೆಯುತ್ತೇವೆ. ದ್ರಾಕ್ಷಿ ಎಂದರೆ ಔಷಧ ಹೊಡೆಯುವುದು ಇದ್ದದ್ದೇ. ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಮತ್ತು ಸುಣ್ಣ, ಬೂದಿರೋಗಕ್ಕೆ ಗಂಧಕ, ಅಕ್ಟೋಬರ್ ಚಾಟನಿಯ ನಂತರ ಕಣ್ಣು ಒಡೆಯಲು ಹೈಡ್ರೋಜನ್ ಸೈನಮೈಡ್. ಅಂಗಡಿಯಿಂದ ತೋಟಕ್ಕೆ ಇವೆಲ್ಲ ಬರುವುದು ಪಿಕಪ್ಪಿನಲ್ಲಿ. ಹಿಂದೆ ಇಟ್ಟರೆ ಉರುಳಿ ಬೀಳುತ್ತವೆ, ಯಾರಾದರೂ ಎತ್ತಿಕೊಂಡು ಹೋಗುತ್ತಾರೆ ಎಂದು ಬೆಲೆಯುಳ್ಳ ಬಾಟಲಿಗಳು ಕ್ಯಾಬಿನ್ನಿನೊಳಗೆ ಸೇರುತ್ತವೆ. ಅದೇ ಜಾಗದಲ್ಲಿ ಮಧ್ಯಾಹ್ನದ ಬುತ್ತಿ, ಅದೇ ಜಾಗದಲ್ಲಿ ಮಗು.

ಹತ್ತನೆಯ ತರಗತಿ ಓದಿದವರಿಗೆಲ್ಲ ಮೈಲುತುತ್ತದ ಪ್ರಯೋಗ ನೆನಪಿರಬೇಕು. ನೀಲಿ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಟ್ಟರೆ ಕಬ್ಬಿಣ ಕರಗುತ್ತದೆ, ತಾಮ್ರ ಬಂದು ಮೊಳೆಗೆ ಅಂಟಿಕೊಳ್ಳುತ್ತದೆ. ಪರೀಕ್ಷೆಯಲ್ಲಿ ಸಮೀಕರಣ ಬರೆದು ಅಂಕ ಪಡೆದೆವು. ಅದೇ ಪ್ರಯೋಗ ನಮ್ಮ ಕಾಲಡಿಯಲ್ಲಿ ವರ್ಷಗಟ್ಟಲೆ ನಡೆಯುತ್ತಿತ್ತು, ನಾವು ಗಮನಿಸಲಿಲ್ಲ. ರಸಗೊಬ್ಬರದ ಪುಡಿಯೂ ಅಷ್ಟೇ. ಉಪ್ಪಿನ ಗುಣ ಅದಕ್ಕೆ, ತೇವ ಎಳೆದುಕೊಂಡು ತಗಡು ತಿನ್ನುತ್ತದೆ.

ಕೀಟನಾಶಕ ಆಹಾರ ಪದಾರ್ಥಕ್ಕೆ, ಪಶು ಆಹಾರಕ್ಕೆ ನೇರವಾಗಿ ತಾಗುವಂತೆ ಸಾಗಿಸಬಾರದು ಎಂದು 1971ರ ಕೀಟನಾಶಕ ನಿಯಮಗಳಲ್ಲೇ ಇದೆ. ಬಾಟಲಿಯ ಮೇಲಿನ ತ್ರಿಕೋನ ಕೆಂಪಾದರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ನೀಲಿ, ಹಸಿರು ಎಂದು ಕಡಿಮೆಯಾಗುತ್ತ ಹೋಗುತ್ತದೆ. ಹಸಿರೆಂದರೆ ಸುರಕ್ಷಿತ ಎಂದಲ್ಲ. ಇದಕ್ಕೆ ದೊಡ್ಡ ಖರ್ಚಿನ ಪರಿಹಾರ ಬೇಕಿಲ್ಲ. ಹಿಂದಿನ ಬಾಡಿಯ ಮೂಲೆಗೆ ಬೀಗ ಹಾಕುವ ಒಂದು ತಗಡಿನ ಪೆಟ್ಟಿಗೆ ಬೋಲ್ಟು ಮಾಡಿಸಿದರೆ ಸಾಕು. ನಾವು ಮಾಡಿಸಿದ್ದು ಹಳೆಯ ಟ್ರಂಕಿನಿಂದ.

ಔಷಧ ಚೆಲ್ಲಿದ ಸೀಟಿನ ಸ್ಪಂಜನ್ನು ತೊಳೆದು ಬಳಸೋಣ ಎಂದು ನಮ್ಮಲ್ಲೇ ಒಬ್ಬರು ವಾದಿಸಿದರು. ನಾವು ಒಪ್ಪಲಿಲ್ಲ. ಸ್ಪಂಜು ಕುಡಿದದ್ದನ್ನು ಪೂರ್ತಿ ಬಿಡುವುದಿಲ್ಲ, ಬಿಸಿಲಿಗೆ ಕಾದಾಗ ಮತ್ತೆ ವಾಸನೆ ಬರುತ್ತದೆ. ಆ ಸೀಟಿನ ಸ್ಪಂಜು ಬದಲಾಯಿಸಲೇಬೇಕು. ಉಳಿದ ಭಾಗವನ್ನು ಕೈಗವಸು, ಮಾಸ್ಕ್ ಹಾಕಿಕೊಂಡು ಸೋಪಿನ ನೀರಿನ ಬಟ್ಟೆಯಿಂದ ಒರೆಸಿದೆವು. ಪಂಕ್ಚರ್ ಅಂಗಡಿಯ ಗಾಳಿ ಪೈಪು ತಂದು ಊದಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಔಷಧದ ಪುಡಿ ಇರುವ ಗಾಡಿಯಲ್ಲಿ ಅದು ಬೇಡ, ಎಲ್ಲವೂ ಮೂಗಿಗೆ ಬರುತ್ತದೆ. ಪೈಪು ಹಿಡಿದು ನೀರು ಹೊಡೆಯುವುದೂ ಬೇಡ. ನಮ್ಮ ಬೋರಿನ ಗಡಸು ನೀರು ತಗಡಿನ ಸಂದಿಗೆ ಹೋಗಿ ಕುಳಿತರೆ ಹೊಸ ಜಂಗಿಗೆ ಅದೇ ಬೀಜ. ಒಂದು ಬಕೆಟ್ ನೀರು, ನಾಲ್ಕು ಹಳೆಯ ಬನಿಯನ್ನು, ಒಂದು ಬ್ರಷ್, ಕೆಲಸ ಮುಗಿಯಿತು. ಬೇಸಿಗೆಯಲ್ಲಿ ನಮ್ಮ ಸೀಮೆಯಲ್ಲಿ ಗಾಡಿ ತೊಳೆಯಲು ನೀರು ಕೇಳುವ ಮುಖವೂ ಯಾರಿಗೂ ಇಲ್ಲ.

ನೆಲದ ವಿಷಯ. ತೂತಿಗೆ ಎಂಸೀಲ್ ಮೆತ್ತಿ ಮೇಲೆ ಮ್ಯಾಟು ಹಾಸುವವರೇ ಹೆಚ್ಚು. ಜಂಗು ಕೆಳಗೆ ತನ್ನ ಪಾಡಿಗೆ ಬೆಳೆಯುತ್ತದೆ. ಕೊಳೆತ ತಗಡು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ಹೊಸ ತುಂಡು ವೆಲ್ಡ್ ಮಾಡಿಸಬೇಕು. ವೆಲ್ಡಿಂಗ್‌ಗೆ ಮುಂಚೆ ಬ್ಯಾಟರಿಯ ತಂತಿ ಬಿಚ್ಚಿ, ಸ್ಪಂಜು, ಮ್ಯಾಟು ಎಲ್ಲ ಹೊರಗಿಡಿ, ಕೆಳಗೆ ಡೀಸೆಲ್ ಪೈಪು, ಬ್ರೇಕ್ ಪೈಪು ಎಲ್ಲಿ ಹೋಗಿದೆ ಎಂದು ಮಲಗಿ ನೋಡಿ. ಆಮೇಲೆ ತಂತಿ ಬ್ರಷ್, ರೆಡ್ ಆಕ್ಸೈಡ್, ಬಣ್ಣ, ಮೇಲೂ ಕೆಳಗೂ. ಇಷ್ಟಾದರೂ ನೀರು ಒಳಗೆ ಬರುವ ದಾರಿ ಹುಡುಕದಿದ್ದರೆ ಎರಡು ಮಳೆಗಾಲದಲ್ಲಿ ಮತ್ತೆ ಅದೇ ಕಥೆ. ನಮ್ಮ ಗಾಡಿಯಲ್ಲಿ ಆ ದಾರಿ ವೈಪರಿನ ಕೆಳಗಿತ್ತು. ಬೇವಿನ ಮರದ ಕೆಳಗೆ ನಿಲ್ಲುವ ಗಾಡಿ, ಎಲೆಗಳು ಹೋಗಿ ನೀರು ಹರಿಯುವ ಕಿಂಡಿ ಮುಚ್ಚಿಹೋಗಿತ್ತು. ಮುಂದಿನ ಗಾಜಿನ ರಬ್ಬರು ಒಣಗಿ ಬಿರುಕು ಬಿಟ್ಟಿದ್ದರೆ ಅಲ್ಲಿಂದಲೂ ನೀರು ಇಳಿಯುತ್ತದೆ.

ಸೀಟಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಗುಹಾಗರ ವಿಜಯಪುರ ಹೆದ್ದಾರಿ ಈಗ ಚೆನ್ನಾಗಿದೆ, ಆದರೆ ಹೆದ್ದಾರಿ ಮುಟ್ಟುವವರೆಗಿನ ತೋಟದ ರಸ್ತೆ ನಿಮಗೆ ಗೊತ್ತಿದೆ. ಬೇದಾಣೆ ತುಂಬಿಕೊಂಡು ತಾಸಗಾಂವ ಮಾರುಕಟ್ಟೆಗೆ ಹೋಗಿ ಬರುವ ಅಪ್ಪ ರಾತ್ರಿ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವುದನ್ನು ನಾವು ವಯಸ್ಸಿನ ತೊಂದರೆ ಎಂದುಕೊಂಡಿದ್ದೇವೆ. ಒಂದು ಕಡೆಗೆ ಕುಸಿದ ಸೀಟಿನ ಮೇಲೆ ದಿನಕ್ಕೆ ಐದಾರು ಗಂಟೆ ಓರೆಯಾಗಿ ಕೂತರೆ ಇಪ್ಪತ್ತೈದರ ಹುಡುಗನಿಗೂ ಅದೇ ಗತಿ. ಮೇಲೆ ಇನ್ನೊಂದು ದಿಂಬು ಹಾಕಿದರೆ ಸರಿಹೋಗದು, ದಿಂಬೂ ಓರೆಯಾಗುತ್ತದೆ. ಒಳಗಿನ ಸ್ಪ್ರಿಂಗು, ಅದನ್ನು ಹಿಡಿದ ಕೊಕ್ಕೆ, ಸೀಟಿನ ಕಬ್ಬಿಣದ ಚೌಕಟ್ಟು, ಅದು ಜಾರುವ ಹಳಿ ಇವನ್ನು ನೋಡಬೇಕು. ಮುರಿದ ಸ್ಪ್ರಿಂಗು ಬದಲಿಸಿ ಅದರ ಮೇಲೆ ಗೋಣಿತಟ್ಟು ಹಾಸಿ ಹೊಲಿದು, ಆಮೇಲೆ ಗಟ್ಟಿ ಸ್ಪಂಜು ಇಡುವುದು ಹಳೆಯ ಕುಶನ್ ಕೆಲಸಗಾರರ ಪದ್ಧತಿ. ಸ್ಪ್ರಿಂಗು ಸ್ಪಂಜನ್ನು ಕೊಯ್ಯುವುದಿಲ್ಲ. ನೆಲದ ಮೇಲೆ ಹಾಸಿದಾಗ ತೇವ ಹಿಡಿದು ಗಾಡಿ ಹಾಳುಮಾಡುವ ಅದೇ ಗೋಣಿ ಇಲ್ಲಿ ಉಪಕಾರಿ.

ಮೇಲ್ಹೊದಿಕೆಗೆ ರೆಗ್ಜಿನ್ನೋ ಬಟ್ಟೆಯೋ? ನಮ್ಮ ಬಿಸಿಲಿಗೆ ರೆಗ್ಜಿನ್ ಕಾದ ಹಂಚಿನಂತಾಗುತ್ತದೆ, ಕ್ರಮೇಣ ಒಣಗಿ ಸೀಳುತ್ತದೆ. ಬಟ್ಟೆಯಾದರೆ ಧೂಳು, ಔಷಧ, ಮಾಡಗ್ಯಾಳ ತಳಿಯ ಕುರಿಮರಿ ತಂದ ದಿನದ ಇತರ ಸಂಗತಿಗಳನ್ನೆಲ್ಲ ಕುಡಿಯುತ್ತದೆ. (ಮರಿ ಸಣ್ಣದು, ಬಿಸಿಲು ಎಂದು ಅದೂ ಒಳಗೇ ಕೂರುತ್ತದೆ, ಏನು ಮಾಡೋಣ.) ನಾವು ಕಂಡುಕೊಂಡದ್ದು ಕೆಳಗೆ ರೆಗ್ಜಿನ್, ಮೇಲೆ ಅಜ್ಜಿ ಹೊಲಿದ ಕೌದಿ. ವಾರಕ್ಕೊಮ್ಮೆ ಒಗೆಯಬಹುದು. ಸೀಟಿನ ಅಳತೆಗೆ ಹೊಲಿದು ನಾಲ್ಕು ಕಡೆ ಕಟ್ಟಲು ಲಾಡಿ ಇರಲಿ, ಬೆಲ್ಟಿನ ಬಕಲ್ ಮುಚ್ಚದಿರಲಿ. ಟಾಟಾ ಏಸ್‌ನಂತೆ ಎಂಜಿನ್ ಸೀಟಿನ ಕೆಳಗೇ ಇರುವ ಗಾಡಿಯಾದರೆ ಕಾವು ತಡೆಯುವ ಹಾಳೆ, ಮುಚ್ಚಳದ ರಬ್ಬರು ಸರಿಯಾಗಿದೆಯೇ ನೋಡದೆ ಕೌದಿ ಹಾಸಬೇಡಿ.

"ಇದು ಮಾಲು ಹೊರುವ ಗಾಡಿ, ಇದಕ್ಕೇನು ಸಿಂಗಾರ" ಎಂದು ಹಿರಿಯರು ಕೇಳುತ್ತಾರೆ. ನಿಜ, ಬರದ ಸೀಮೆಯಲ್ಲಿ ಒಂದು ಬೆಳೆ ನಂಬಿ ಹೊಸ ಗಾಡಿಗೆ ಸಾಲ ಮಾಡುವ ಧೈರ್ಯ ಎಲ್ಲರಿಗೂ ಇಲ್ಲ, ಇದ್ದುದನ್ನೇ ಓಡಿಸಬೇಕು. ಎಂಟು ವರ್ಷ ದಾಟಿದ ಮೇಲೆ ಪ್ರತಿವರ್ಷ ಪಾಸಿಂಗ್ ಖರ್ಚು ಬೇರೆ. ಆದರೆ ಈ ಮಾಲು ಹೊರುವ ಗಾಡಿಯಲ್ಲೇ ಅಲ್ಲವೇ ನಾವು ನಡುರಾತ್ರಿ ಹೆರಿಗೆಗೆ ಅಕ್ಕನನ್ನು ಕರೆದೊಯ್ದದ್ದು? 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜಿನಲ್ಲಿ ಆಸ್ಪತ್ರೆ ತೆರೆದಾಗ ರೋಗಿಗಳು ಎತ್ತಿನ ಬಂಡಿಯಲ್ಲಿ ಬರುತ್ತಿದ್ದ ಕಾಲ. ಇಂದು ನಮ್ಮ ಹಳ್ಳಿಗಳಿಂದ ಮಿರಜಿಗೆ ಹೋಗುವ ಎಷ್ಟೋ ರೋಗಿಗಳ ಬಂಡಿ ಈ ಪಿಕಪ್ಪೇ. ದೊಡ್ಡ ಲಾರಿಗಳ ಚಾಲಕರ ಕ್ಯಾಬಿನ್ನಿಗೆ ಈಗ ತಯಾರಾಗುವ ಹೊಸ ಗಾಡಿಗಳಲ್ಲಿ ಎಸಿ ಕಡ್ಡಾಯವಾಗಿದೆ. ಮೂರೂವರೆ ಟನ್ನಿನೊಳಗಿನ ಪಿಕಪ್ಪಿಗೆ ಆ ನಿಯಮ ಅನ್ವಯಿಸುವುದಿಲ್ಲ, ಹಳೆಯ ಗಾಡಿಗಂತೂ ಇಲ್ಲವೇ ಇಲ್ಲ. ನಮ್ಮವರ ಬೆವರು, ಬೆನ್ನು ನಾವೇ ನೋಡಿಕೊಳ್ಳಬೇಕು.

ಖರ್ಚಿನ ಮಾತಿಗೆ ಬಂದರೆ, ದೊಡ್ಡ ಸ್ಪೀಕರು, ಆಂಪ್ಲಿಫೈಯರು, ನೀಲಿ ದೀಪಕ್ಕೆ ದುಡ್ಡು ಹೇಗೋ ಹುಟ್ಟುತ್ತದೆ. ಇದನ್ನು ಯುವಕರಾದ ನಾವೇ ಒಪ್ಪಿಕೊಳ್ಳಬೇಕು. ಆ ಸ್ಪೀಕರಿಗಾಗಿ ಫ್ಯೂಸ್ ಇಲ್ಲದೆ ಎಳೆದ ತಂತಿ ಡ್ಯಾಶ್‌ಬೋರ್ಡಿನ ಕೆಳಗೆ ತಗಡಿಗೆ ಉಜ್ಜಿ ಉಜ್ಜಿ ಒಂದು ದಿನ ಕಿಡಿ ಹಾರಿದರೆ ಪಕ್ಕದಲ್ಲಿರುವುದು ಸ್ಪಂಜು, ರೆಗ್ಜಿನ್. ನಾವು ಬಿಚ್ಚಿದ ಗಾಡಿಯಲ್ಲಿ ಎಲ್ಲಿಂದಲೋ ಬಂದು ಎಲ್ಲಿಗೂ ಹೋಗದ ಏಳು ತಂತಿಗಳು ಸಿಕ್ಕವು. ಎಲ್ಲ ತೆಗೆಸಿದೆವು. ಹಾಡು ಬೇಕೆಂದರೆ ಇರಲಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿಸಿ.

ಡ್ಯಾಶ್‌ಬೋರ್ಡಿನ ಮೇಲಿನ ಪ್ರತಿಮೆ, ಕನ್ನಡಿಗೆ ತೂಗುಬಿಟ್ಟ ಜಪಮಾಲೆಗಳ ಬಗ್ಗೆ ಹೇಳಿದರೆ ಕೆಲವರಿಗೆ ಬೇಸರವಾದೀತು. ಆದರೂ ಹೇಳುತ್ತೇವೆ. ಕನ್ನಡಿಗೆ ಮೂರು ನಾಲ್ಕು ಸರ ತೂಗಿ ಎಡಗಡೆಯಿಂದ ಬರುವ ಬೈಕು ಕಾಣದಂತಾದರೆ ಅದು ಭಕ್ತಿಯಲ್ಲ. ಭಾರದ ಪ್ರತಿಮೆ ಗಟ್ಟಿಯಾಗಿ ಅಂಟಿರದಿದ್ದರೆ ಬ್ರೇಕ್ ಹೊಡೆದಾಗ ಹಾರುವುದು ಅದೇ ಮೊದಲು. ಹೊಳಪಿನ ಪಾಲಿಶ್ ಕೂಡ ಬೇಡ, ಮಧ್ಯಾಹ್ನದ ಬಿಸಿಲಲ್ಲಿ ಗಾಜಿನ ಮೇಲೆ ಪ್ರತಿಫಲಿಸಿ ಕಣ್ಣು ಕುಕ್ಕುತ್ತದೆ.

ಕೊನೆಗೆ ಬಾಗಿಲು ಮತ್ತು ಬೆಲ್ಟು. ಒಳಗಿನಿಂದ ತೆರೆಯದ ಬಾಗಿಲು ನಮಗೆ ತಮಾಷೆಯ ವಿಷಯವಾಗಿದೆ, ಗಾಡಿ ಮಗುಚಿದ ದಿನ ತಮಾಷೆಯಲ್ಲ. ಹೆಚ್ಚಿನ ಸಲ ಒಳಗಿನ ಒಂದು ಕಡ್ಡಿ ಕಳಚಿರುತ್ತದೆ, ಬಾಗಿಲಿನ ಹಲಗೆ ಬಿಚ್ಚಿದರೆ ಅರ್ಧ ಗಂಟೆಯ ಕೆಲಸ. ಬೆಲ್ಟನ್ನು ಪೂರ್ತಿ ಎಳೆದು ನೋಡಿ. ಬಿಸಿಲಿಗೆ ಬಣ್ಣಗೆಟ್ಟು ನೂಲು ಎದ್ದಿದ್ದರೆ ಅದರ ಬಲ ಹೋಗಿದೆ, ಚರ್ಮದ ಕೆಲಸದವರ ಹತ್ತಿರ ಹೊಲಿಸಿದರೆ ಆಗದು, ಇಡೀ ಬೆಲ್ಟೇ ಬದಲಾಗಬೇಕು. ಕೊಳೆ ಮಾತ್ರ ಆಗಿದ್ದರೆ ಉಗುರುಬೆಚ್ಚಗಿನ ಸೋಪಿನ ನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ಜೋರಾಗಿ ಜಗ್ಗಿದರೆ ಹಿಡಿದುಕೊಳ್ಳಬೇಕು, ಬಿಟ್ಟರೆ ತಾನೇ ಒಳಗೆ ಹೋಗಬೇಕು. 2019ರ ತಿದ್ದುಪಡಿಯ ನಂತರ ಬೆಲ್ಟ್ ಹಾಕದಿದ್ದರೆ ಸಾವಿರ ರೂಪಾಯಿ ದಂಡ ಎಂದು ಹೆದರಿ ಬಕಲ್ಲಿಗೆ ಸುಳ್ಳು ಕ್ಲಿಪ್ಪು ಸಿಕ್ಕಿಸುವವರನ್ನೂ ನೋಡಿದ್ದೇವೆ. ಅವರಿಗೆ ಏನು ಹೇಳುವುದೋ ತಿಳಿಯುತ್ತಿಲ್ಲ.

ನಮ್ಮ ಆ ಗಾಡಿಯ ಕೆಲಸ ಇನ್ನೂ ಮುಗಿದಿಲ್ಲ. ನೆಲ ಆಯಿತು, ಚಾಲಕರ ಸೀಟಾಯಿತು, ಎಡಬಾಗಿಲು ಈಗ ಒಳಗಿನಿಂದ ತೆರೆಯುತ್ತದೆ. ಎಡಗಡೆಯ ಬೆಲ್ಟು ಮಾತ್ರ ಜಗ್ಗಿದರೆ ಹಿಡಿಯುತ್ತಿಲ್ಲ. ಹೊಸದು ವಿಜಯಪುರದಿಂದ ಬರಬೇಕಿದೆ, ಈ ವಾರ ಹೋಗುವವರಿಗೆ ಹಣ ಕೊಟ್ಟಿದ್ದೇವೆ. ಅಲ್ಲಿಯವರೆಗೆ ಹುಡುಗಿ ಅಣ್ಣನ ಜೊತೆ ಎಸ್‌ಟಿ ಬಸ್ಸಿನಲ್ಲಿ ಶಾಲೆಗೆ ಹೋಗುತ್ತಾಳೆ. ಅವಳ ಪೆನ್ಸಿಲನ್ನು ಹಿಂತಿರುಗಿಸಲಿಲ್ಲ, ಹೊಸದು ಕೊಡಿಸಿದೆವು.