ಕೊಲ್ಲಲೇಬೇಕಾದ ಮೀನು, ಬಿಡಲೇಬೇಕಾದ ಮೀನು

ಅಮೆರಿಕದ ಯೆಲ್ಲೋಸ್ಟೋನ್ ಸರೋವರದಲ್ಲಿ ಗಾಳ ಹಾಕುವವರು ಪಾಲಿಸಬೇಕಾದ ನಿಯಮ ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಕಟ್‌ಥ್ರೋಟ್ ಟ್ರೌಟ್ ಸಿಕ್ಕರೆ ಅದನ್ನು ಜೀವಂತವಾಗಿ ನೀರಿಗೆ ಬಿಡಬೇಕು. ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು. ತಿನ್ನಲು ಬೇಡವಾದರೆ ಅದರ ಗಾಳಿಚೀಲವನ್ನು ಚುಚ್ಚಿ ಆಳದ ನೀರಿಗೆ ಹಾಕಬೇಕು. ಒಂದೇ ಸರೋವರದಲ್ಲಿ ಒಂದಕ್ಕೆ ಕರುಣೆ, ಇನ್ನೊಂದಕ್ಕೆ ಮರಣದಂಡನೆ ಏಕೆ?

ಕಟ್‌ಥ್ರೋಟ್ ಈ ಸರೋವರದ ಮೂಲನಿವಾಸಿ. ಲೇಕ್ ಟ್ರೌಟ್ ಹೊರಗಿನದು. 1890ರಲ್ಲಿ ಸರ್ಕಾರದ ಮೀನುಗಾರಿಕೆ ಆಯೋಗವೇ ಅದನ್ನು ಇದೇ ಉದ್ಯಾನದ ಲೂಯಿಸ್ ಮತ್ತು ಶೊಶೊನಿ ಸರೋವರಗಳಿಗೆ ತಂದು ಬಿಟ್ಟಿತ್ತು. ಅಲ್ಲಿಂದ ಯಾರೋ ಅಕ್ರಮವಾಗಿ ಅದನ್ನು ಯೆಲ್ಲೋಸ್ಟೋನ್ ಸರೋವರಕ್ಕೆ ಸಾಗಿಸಿರಬೇಕೆಂಬುದು ವಿಜ್ಞಾನಿಗಳ ತೀರ್ಮಾನ. 1994ರಲ್ಲಿ ಅದರ ಇರುವಿಕೆ ಖಚಿತವಾಯಿತು.

ಬೆಳೆದ ಒಂದು ಲೇಕ್ ಟ್ರೌಟ್ ವರ್ಷಕ್ಕೆ ಸುಮಾರು 40 ಕಟ್‌ಥ್ರೋಟ್‌ಗಳನ್ನು ತಿನ್ನುತ್ತದೆಂಬ ಅಂದಾಜಿದೆ. ಸರೋವರವನ್ನು ಸೇರುವ ಕ್ಲಿಯರ್ ಕ್ರೀಕ್ ತೊರೆಗೆ 1978ರಲ್ಲಿ ಮೊಟ್ಟೆಯಿಡಲು ಏರಿಬಂದ ಕಟ್‌ಥ್ರೋಟ್‌ಗಳು 70 ಸಾವಿರಕ್ಕೂ ಹೆಚ್ಚು. 2007ರಲ್ಲಿ ಸುಮಾರು 500 ಮಾತ್ರ. ನಷ್ಟ ಮೀನಿನ ಸಂಖ್ಯೆಗಷ್ಟೇ ಸೀಮಿತವಲ್ಲ. ಕಟ್‌ಥ್ರೋಟ್ ತೆಳುನೀರಿನ ತೊರೆಗಳಿಗೆ ಬರುವುದರಿಂದ ಕರಡಿ, ನೀರುನಾಯಿ, ಹದ್ದುಗಳಿಗೆ ಅದು ಆಹಾರ. ಲೇಕ್ ಟ್ರೌಟ್ ಸರೋವರದಲ್ಲೇ ಮೊಟ್ಟೆಯಿಟ್ಟು ಹೆಚ್ಚಾಗಿ ಆಳದಲ್ಲೇ ಬದುಕುವುದರಿಂದ ಈ ಪ್ರಾಣಿಗಳಿಗೆ ಎಟುಕದು.

ಮನುಷ್ಯನ ತಪ್ಪಿಗೆ ಮೀನು ಏಕೆ ಸಾಯಬೇಕೆಂಬ ಆಕ್ಷೇಪ ಸಹಜವೇ. ಅಹಿಂಸೆಯನ್ನು ಮೌಲ್ಯವೆಂದು ಒಪ್ಪಿದ ನಮಗೆ ಅದು ಇನ್ನಷ್ಟು ತಟ್ಟುತ್ತದೆ. ಆದರೆ ಕೈಗೆ ಸಿಕ್ಕ ಒಂದು ಲೇಕ್ ಟ್ರೌಟ್‌ಗೆ ತೋರುವ ದಯೆಯ ಬೆಲೆಯನ್ನು ಕಣ್ಣಿಗೆ ಕಾಣದ ನೂರಾರು ಜೀವಗಳು ತೆರುತ್ತವೆ. 1994ರಿಂದೀಚೆಗೆ ಮುಖ್ಯವಾಗಿ ಬಲೆಗಳ ಮೂಲಕ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್‌ಗಳನ್ನು ತೆಗೆಯಲಾಗಿದೆ, ಕಟ್‌ಥ್ರೋಟ್ ಚೇತರಿಸಿಕೊಳ್ಳುತ್ತಿದೆ. ಗಾಳಗಾರರ ಪಾಲು ಅದರಲ್ಲಿ ಸಣ್ಣದಾದರೂ, ಗಂಟಲ ಕೆಳಗಿನ ಕೆಂಪು ಗೆರೆಯಿಂದ ಕಟ್‌ಥ್ರೋಟನ್ನೂ, ಆಳವಾಗಿ ಕವಲೊಡೆದ ಬಾಲದಿಂದ ಲೇಕ್ ಟ್ರೌಟನ್ನೂ ಗುರುತಿಸುವ ಹೊಣೆಯನ್ನು ನಿಯಮ ಪ್ರತಿಯೊಬ್ಬನ ಮೇಲೂ ಹೊರಿಸುತ್ತದೆ.

ಇದು ದೂರದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಕಾವೇರಿಯ ಡುಬ್ಬದ ಮಹಸೀರ್ ಅಳಿವಿನಂಚಿಗೆ ಬಂದಿರುವುದಕ್ಕೆ ಕಾರಣಗಳಲ್ಲೊಂದು, ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ಈಜುರೆಕ್ಕೆಯ ಮಹಸೀರ್ ಮರಿಗಳನ್ನು ದಶಕಗಳ ಕಾಲ ಈ ನದಿಗೆ ಬಿಟ್ಟದ್ದು. ಅಲ್ಲಿದ್ದುದು ಸಂರಕ್ಷಣೆಯ ಸದುದ್ದೇಶವೇ. ಆದರೆ ಡುಬ್ಬದ ಮಹಸೀರ್‌ನ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಯಾವ ಮೀನು ನದಿಯದು, ಯಾವುದು ಹೊರಗಿನದು ಎಂಬುದನ್ನು ಅರಿಯುವ ಮೊದಲೇ ನಾವು ಮರಿ ಬಿಡಲು ಮುಂದಾಗಿದ್ದೆವು.

ಹಿಡಿದದ್ದನ್ನೆಲ್ಲ ಬಿಟ್ಟುಬಿಡುವುದು ಅಥವಾ ಗಾಳವನ್ನೇ ನಿಷೇಧಿಸುವುದು ಸುಲಭದ ನಿಯಮಗಳು. ಪ್ರಭೇದವನ್ನು ನೋಡಿ ರೂಪಿಸುವ ನಿಯಮಕ್ಕೆ ಮೀನಿನ ಗುರುತು, ನದಿಯ ಅಧ್ಯಯನ, ಜನರಿಗೆ ತಿಳಿಯುವ ಭಾಷೆಯ ವಿವರಣೆ ಎಲ್ಲವೂ ಬೇಕು. ನಮ್ಮ ನದಿ, ಕೆರೆಗಳಿಗೆ ಮೀನುಮರಿ ಬಿಡುವ ಪ್ರತಿಯೊಂದು ಯೋಜನೆಯೂ ಮೊದಲು ಈ ಪರೀಕ್ಷೆಗೆ ಒಳಪಡಲಿ.