ಕೆರೆಯನ್ನು ಬಲ್ಲವರು ಮತ್ತು ಆಳುವವರು

ಮಡಿವಾಳ ಕೆರೆಯ ಕೋಡಿಯ ನೀರು ಅಗರ ಕೆರೆಗೂ, ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳಿಗೂ ಹರಿದು ಕಡೆಗೆ ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ನೀರಿಗೆ ಇವೆಲ್ಲ ಒಂದೇ ಸರಪಣಿ. ಆಡಳಿತದಲ್ಲಾದರೋ ಭೂಮಿ ಕಂದಾಯದವರಿಗೆ, ರಾಜಕಾಲುವೆ ಪಾಲಿಕೆಗೆ, ಕೊಳಚೆ ಜಲಮಂಡಳಿಗೆ ಎಂದು ಹಂಚಿಹೋಗಿದೆ. ಕೆರೆಯನ್ನು ಒಟ್ಟಾಗಿ ಅರಿಯಲೆತ್ನಿಸುವ ಸಂಶೋಧಕರನ್ನು ಅಧಿಕಾರಿವರ್ಗವು ಯಾವಾಗ ಕೇಳತಕ್ಕದ್ದು ಎಂಬುದೇ ಇಂದಿನ ಪ್ರಶ್ನೆ.

ಹಿಂದಿನ ಅನುಭವವು ವಿಷಾದಕರವಾದುದು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರರೂ ಅವರ ಸಂಗಡಿಗರೂ ಕೊಳಚೆಯಿಂದ ಕೆರೆಗಳು ಕೆಡುತ್ತಿರುವುದನ್ನು ಅಳೆದು ಹೇಳುತ್ತಲೇ ಬಂದಿದ್ದರು. ಬೆಳ್ಳಂದೂರು ಕೆರೆಯು 2015ರಲ್ಲಿಯೂ 2017ರಲ್ಲಿಯೂ 2018ರಲ್ಲಿಯೂ ಹೊತ್ತಿ ಉರಿಯಿತು. ತರುವಾಯ, 2018ರ ಡಿಸೆಂಬರಿನಲ್ಲಿ, ರಾಷ್ಟ್ರೀಯ ಹಸುರು ನ್ಯಾಯಮಂಡಳಿಯು ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರ ಸಮಿತಿಯನ್ನು ನೇಮಿಸಿ ರಾಮಚಂದ್ರರನ್ನು ಅದರ ಸದಸ್ಯರನ್ನಾಗಿ ಮಾಡಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂಬ ಗಾದೆಯನ್ನು ಕೇಳಿದ್ದೆವು. ಕೆರೆಗೇ ಬೆಂಕಿ ಬಿದ್ದ ಮೇಲೆ ಬಲ್ಲವರನ್ನು ಕರೆದುದನ್ನು ಕಣ್ಣಾರೆ ಕಂಡೆವು.

ಬೇರೆ ದಾರಿಯೂ ಉಂಟು. ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆ ಸುಮಾರು 13 ಎಕರೆಯದು. ಅಲ್ಲಿನ ನಿವಾಸಿಗಳು 2010ರಲ್ಲಿ ವಿಶ್ವಸ್ತ ಮಂಡಳಿಯನ್ನು ಕಟ್ಟಿ, ಮರುವರ್ಷ ಮಹಾನಗರ ಪಾಲಿಕೆಯೊಡನೆ ಒಡಂಬಡಿಕೆ ಮಾಡಿಕೊಂಡು ಅದರ ಪಾಲನೆಗೆ ನಿಂತರು. ನಿತ್ಯವೂ ಕೆರೆಯನ್ನು ನೋಡುವ ಕಣ್ಣೂ ಆಜ್ಞೆ ಮಾಡುವ ಕೈಯೂ ಕೂಡಿದುದರಿಂದ ಕೆರೆ ಉಳಿಯಿತು.

ಈ ಪಾಠವು ಕಾಯಿದೆ ಮಾಡುವಲ್ಲಿಯೂ ಬೇಕು. 2014ರ ಕಾಯಿದೆಯು ಕೆರೆಯಂಚಿನಿಂದ 30 ಮೀಟರು ನೆಲವನ್ನು ಕಟ್ಟಡಗಳಿಂದ ಕಾದಿರಿಸಿತ್ತು. 2025ರಲ್ಲಿ ಶಾಸನಸಭೆಯ ಮುಂದೆ ಬಂದ ತಿದ್ದುಪಡಿಯು, ಕೆರೆ ಚಿಕ್ಕದಾದಷ್ಟೂ ಈ ಅಂಚನ್ನು ಕಿರಿದುಗೊಳಿಸಲು ಹೊರಟಿತು. ದೊಡ್ಡ ಕೆರೆ ಒಂದಿಷ್ಟು ಕೊಳೆಯನ್ನು ತಾಳಿಕೊಂಡೀತು. ಅಷ್ಟೇ ಕೊಳೆ ಸಣ್ಣ ಕೆರೆಗೆ ಮೃತ್ಯುಪ್ರಾಯ. ರಕ್ಷಣೆ ಹೆಚ್ಚು ಬೇಕಾದಲ್ಲಿಯೇ ಅದನ್ನು ತಗ್ಗಿಸುವುದು ಯಾವ ಶಾಸ್ತ್ರದ ಅಳತೆಯಿಂದ ಎಂದು ಕೇಳುವ ಹಕ್ಕು ಪ್ರಜೆಗಳಿಗೆ ಉಂಟು.

ಸಂಶೋಧಕರಿಗೂ ನಮ್ಮದೊಂದು ಬಿನ್ನಹ. ಇಂಗ್ಲಿಷಿನ ದಪ್ಪ ವರದಿಯು ಕಪಾಟನ್ನು ಸೇರುತ್ತದೆ. ಯಾವ ಸರ್ವೆ ನಂಬರಿನಲ್ಲಿ, ಎಷ್ಟು ಗುಂಟೆಯಲ್ಲಿ, ಯಾವ ಕಾಲುವೆಯ ಬಾಯಲ್ಲಿ ಕೇಡಿದೆ ಎಂದು ಕನ್ನಡದಲ್ಲಿ ಒಂದು ಹಾಳೆ ಬರೆದುಕೊಟ್ಟರೆ ಇಂಜಿನಿಯರೂ ತಹಸೀಲ್ದಾರರೂ ಅದರಂತೆ ನಡೆಯಬಲ್ಲರು.

2025ರ ಸೆಪ್ಟೆಂಬರಿನಲ್ಲಿ ರಾಜಧಾನಿಯು ಐದು ನಗರಪಾಲಿಕೆಗಳಾಗಿ ವಿಭಾಗವಾಯಿತು. ಹೊಸ ಪಾಲಿಕೆಗಳು ಒಂದು ನಿಯಮವನ್ನು ಮಾಡಲಿ: ಕೆರೆಯ ವಿಷಯದಲ್ಲಿ ನಿರ್ಣಯಕ್ಕೆ ಮೊದಲೇ ಸಂಶೋಧಕರ ಅಭಿಪ್ರಾಯವನ್ನು ಬರಹದಲ್ಲಿ ಪಡೆಯತಕ್ಕದ್ದು, ಒಪ್ಪದಿದ್ದರೆ ಕಾರಣವನ್ನೂ ಬರೆದು ಪ್ರಕಟಿಸತಕ್ಕದ್ದು. ಇದಕ್ಕೆ ಹಣ ಬೇಕಿಲ್ಲ, ಮನಸ್ಸು ಬೇಕು.